ಅಕುಮು ಹುರಿದ ಮೀನು

ಸವತಿಯೇ ತನ್ನ ಕೋಳಿಗಳಿಗೆ ವಿಷ ಹಾಕಿದಳೆಂದು ಊರಿಗೆಲ್ಲ ಸಾರಿದ ಅಕುಮು, ಆಮೇಲೆ ತಾನೇ ಮೀನು ಹುರಿಯುವುದನ್ನು ಏಕೆ ನಿಲ್ಲಿಸಿದಳು? ಅವಳು ಬದುಕಿರುವವರೆಗೆ ಮನೆಯವರಾರಿಗೂ ಅದು ತಿಳಿಯಲಿಲ್ಲ.

ವಿಕ್ಟೋರಿಯಾ ಸರೋವರದ ದಂಡೆಯ ಆ ಹಟ್ಟಿಯಲ್ಲಿ ಹೆಬ್ಬಾಗಿಲಿಗೆ ನೇರವಾಗಿದ್ದ ಮನೆ ಹಿರಿಯ ಹೆಂಡತಿ ಅಕುಮುವಿನದು. ಪಕ್ಕಕ್ಕೆ ಸರಿದದ್ದು ಕಿರಿಯಳಾದ ಪೆನಿನಾಳದು. ಇಬ್ಬರೂ ಒಮೆನಾ ಎಂಬ ಬೆರಳುದ್ದದ ಮೀನನ್ನು ಒಣಗಿಸಿ, ಪುಡಿಮಾಡಿ, ಮೆಕ್ಕೆಜೋಳದ ಹಿಟ್ಟಿಗೆ ಬೆರೆಸಿ ಕೋಳಿಗಳಿಗೆ ಹಾಕುತ್ತಿದ್ದರು. ಕೋಳಿ ಕೊಯ್ದ ಮನೆಯಲ್ಲಿ, ಕಾಳು ಅರೆಯುವ ಅದರ ಗಟ್ಟಿ ಹೊಟ್ಟೆ ಗಂಡನ ತಟ್ಟೆಗೇ ಹೋಗಬೇಕೆಂಬುದು ಅಲ್ಲಿಯ ರೂಢಿ. ಗಂಡ ಒಪೊಂಡೊ ಒಮ್ಮೆ ಅಕುಮುವಿನ ಮುಂದೆಯೇ, "ಪೆನಿನಾ ಕೋಳಿದು ಬೆಣ್ಣೆ ಇದ್ದಂಗಿರುತ್ತೆ" ಎಂದುಬಿಟ್ಟ.

ಮಳೆಗಾಲ ಬಂತು. ಪೆನಿನಾ ಸಿಕ್ಕಷ್ಟು ಬಿಸಿಲಿಗೆ ಬಲೆ ಹಾಸಿ ಮೀನು ಹರಡಿದಳು. ಅಕುಮು ಒದ್ದೆ ಮೀನನ್ನು ಕಬ್ಬಿಣದ ಬಾಣಲೆಗೆ ಸುರಿದು ಉರಿ ಹೆಚ್ಚಿಸಿದಳು.

"ಅಕ್ಕ, ಕರಕಲಾಗ್ತಿದೆ."

"ಘಮಕ್ಕೇ ನನ್ನ ಕೋಳಿ ಕೊಬ್ಬುತ್ತೆ. ನೀನು ಕಣ್ಣು ಹಾಕ್ಬೇಡ, ಅಷ್ಟು ಸಾಕು."

ಹುರಿದದ್ದೆಲ್ಲ ಶುದ್ಧವೆಂದು ಯಾವ ಅಡುಗೆಮನೆ ನಂಬುವುದಿಲ್ಲ? ಆ ನಂಬಿಕೆಯನ್ನು ಪರೀಕ್ಷಿಸಿದ ಕೋಳಿಗಳಿಗೆ ಮಾತ್ರ ಮಾತು ಬರುತ್ತಿರಲಿಲ್ಲ. ಅವು ತೂಕಡಿಸಿದವು, ಕಪ್ಪಗೆ ಕಕ್ಕಿದವು, ಸತ್ತವು. ಒಂದನ್ನು ಸೀಳಿದರೆ ಹೊಟ್ಟೆಯ ಒಳಪದರ ಸುಟ್ಟ ಚರ್ಮದಂತೆ ಬಿರಿದಿತ್ತು. ಅಕುಮು ಅದನ್ನು ತಂದು ಪೆನಿನಾಳ ಹೊಸ್ತಿಲ ಮೇಲೆ ಎಸೆದಳು.

"ಯಜಮಾನ್ರು ನನ್ನ ಮನೇಲಿ ಉಣ್ಣೋದು ನಿನ್ನ ಕಣ್ಣು ಕುಕ್ತಲ್ವೇನೇ? ತಗೋ, ನೀನು ಹಾಕಿದ ವಿಷ ನೀನೇ ತಿನ್ನು!"

"ನಿನ್ನ ಕೋಳಿಗೂಡಿನ ಕಡೆ ನಾನು ತಲೆ ಹಾಕಿಯೂ ಮಲಗಿಲ್ಲ, ಅಕ್ಕ!"

ಅಂದಿನಿಂದ ಒಪೊಂಡೊ ಪೆನಿನಾಳ ಕೈಯಡುಗೆ ಮುಟ್ಟಲಿಲ್ಲ. ಅಕುಮುವಿನ ಮನೆಯೊಳಗಿಂದ ಅವನು ಮೂಳೆ ಚೀಪುವ ಸದ್ದು ಕೇಳಿದಾಗಲೆಲ್ಲ ಪೆನಿನಾ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಅತ್ತ ಅಕುಮು ಬಾಣಲೆ ಬಿಟ್ಟು, ತಾನೂ ಬಿಸಿಲಿಗೆ ಬಲೆ ಹಾಸಿದ್ದಳು. ಅವಳ ಹೊಸ ಕೋಳಿಗಳು ಮಿರಮಿರನೆ ಮಿಂಚುತ್ತಿದ್ದವು. 'ನನ್ನ ಗಂಡನನ್ನೂ ಕಿತ್ತುಕೊಂಡಳು, ನನ್ನ ಕೆಲಸವನ್ನೂ ಕದ್ದಳು' ಎಂದು ಪೆನಿನಾ ವರ್ಷಗಟ್ಟಲೆ ಕುದಿದಳು.

ಅಕುಮು ಸತ್ತಾಗ ಹೋಮಾ ಬೇ ಪೇಟೆಯಿಂದ ದನದ ಡಾಕ್ಟರ್ ಒಚೋಲಾ ಮಣ್ಣಿಗೆ ಬಂದಿದ್ದರು. ಚಹಾ ಕೊಡುತ್ತ ಪೆನಿನಾ ಕೇಳಿದಳು: "ಡಾಕ್ಟ್ರೇ, ಯಾವ ವಿಷ ಹಾಕಿದ್ರೆ ಕೋಳಿ ಕಪ್ಪಗೆ ಕಕ್ಕುತ್ತೆ?"

"ಯಾರೂ ಹಾಕೋದೇ ಬೇಡಮ್ಮ. ಮೀನನ್ನ ಅತಿಯಾಗಿ ಕಾಯಿಸಿದ್ರೆ ಅದರಲ್ಲೇ ಹುಟ್ಟುತ್ತೆ. ಕೋಳಿ ಹೊಟ್ಟೇಲಿ ಹುಳಿ ಉಕ್ಕಿಸಿ, ಒಳಗಿಂದ್ಲೇ ತಿಂದುಹಾಕುತ್ತೆ." ಒಚೋಲಾ ಲೋಟ ಕೆಳಗಿಟ್ಟರು. "ನಿಮ್ಮಕ್ಕ ಸತ್ತ ಕೋಳೀನ ಬಟ್ಟೇಲಿ ಸುತ್ಕೊಂಡು ಬಂದಿದ್ರಲ್ಲ, ಆವತ್ತೇ ಅವರಿಗೆ ಹೇಳಿದ್ದೆ. ಮನೇಲಿ ಹೇಳಲಿಲ್ವಾ?"