ಖಾಲಿ ಚಾರ್ಟಿನ ಮೇಲೆ ನನ್ನ ಸಹಿ

ಕೋವಿಡ್ ನಿರ್ಬಂಧಗಳು ಮುಗಿದ ಮರುವರ್ಷ ನಾನು ಮುಲುಂಡ್‌ನ ಒಂದು ವರ್ಕ್‌ಶಾಪಿನಲ್ಲಿ ಟೆಸ್ಟಿಂಗ್ ಫೋರ್‌ಮನ್ ಆಗಿದ್ದೆ. ಸಮುದ್ರದಲ್ಲಿ ಗ್ಯಾಸ್ ಬಾವಿ ಕೊರೆಯುವ ರಿಗ್‌ಗಳ ಬ್ಲೋಔಟ್ ಪ್ರಿವೆಂಟರ್ ನಮ್ಮಲ್ಲಿ ರಿಪೇರಿಗೆ ಬರುತ್ತಿತ್ತು. ಬಾವಿಯ ಬಾಯಿಗೆ ಕೂರಿಸುವ ದೊಡ್ಡ ವಾಲ್ವ್ ಅದು. ಆಳದಿಂದ ಗ್ಯಾಸ್ ನುಗ್ಗಿದಾಗ ಡ್ರಿಲ್ಲರ್ ಬಟನ್ ಒತ್ತುತ್ತಾನೆ. ಒಳಗಿರುವ ದಪ್ಪ ರಬ್ಬರ್ ಬಳೆ ಪೈಪನ್ನು ಸುತ್ತಲಿಂದ ಹಿಸುಕಿ ಹಿಡಿದು ಬಾವಿ ಮುಚ್ಚುತ್ತದೆ.

ನನ್ನ ಹೆಂಡತಿ ಶಾಂತಾಳ ತಮ್ಮ ಮಲ್ಲಪ್ಪ ಅಂಥ ಒಂದು ರಿಗ್‌ನಲ್ಲಿ ಡ್ರಿಲ್ಲರ್. ಬಾಗಲಕೋಟೆ ಕಡೆಯಿಂದ ಬಂದು ನಮ್ಮ ಚಾಳಿನ ಖೋಲಿಯಲ್ಲೇ ಎಂಟು ವರ್ಷ ಇದ್ದ. ರಿಗ್ ಕೆಲಸಕ್ಕೆ ಸೇರಿಸಿದವನು ನಾನೇ. ರಜೆಗೆ ಬಂದಾಗ ಊಟಕ್ಕೆ ಕೂತು ಕಾಡಿಸುತ್ತಿದ್ದ.

“ಮಾಮಾ, ನಿಮ್ಮ ಸಹಿ ಅಂದ್ರ ಕೋಳಿ ಕೆದರಿದಂಗ ಇರ್ತೈತಿ. ಆದ್ರ ಕಾಗದದ ಮ್ಯಾಲ ಅದನ್ನ ಕಂಡ್ರ ನನಗ ಧೈರ್ಯ ನೋಡ್ರಿ.”

ನಮ್ಮ ಪರೀಕ್ಷೆಗೆ ಎರಡು ಹಂತ. ಮೊದಲು 300 ಪಿಎಸ್‌ಐ ಒತ್ತಡದಲ್ಲಿ ಐದು ನಿಮಿಷ, ಆಮೇಲೆ 3,500ರಲ್ಲಿ ಹತ್ತು ನಿಮಿಷ. ಗಡಿಯಾರದಂತೆ ತಿರುಗುವ ದುಂಡನೆಯ ಚಾರ್ಟಿನ ಮೇಲೆ ಪೆನ್ನು ಒತ್ತಡದ ಗೆರೆ ಎಳೆಯುತ್ತದೆ. ಅದಕ್ಕೆ ಫೋರ್‌ಮನ್ ಸಹಿ ಬೇಕು. ಮುಂದಿನ ಶಿಫ್ಟಿನ ಕೆಲಸ ನಿಲ್ಲಬಾರದೆಂದು ಇಪ್ಪತ್ತು ಖಾಲಿ ಚಾರ್ಟ್‌ಗಳಿಗೆ ಸಹಿ ಮಾಡಿಟ್ಟು ಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ನನ್ನ ಹಿಂದಿನವರು ಮಾಡುತ್ತಿದ್ದರು, ನಾನೂ ಮಾಡಿದೆ.

ಆ ಶನಿವಾರ ಒಂದು ಪ್ರಿವೆಂಟರ್‌ನ ಗೆರೆ ಐದೇ ನಿಮಿಷದಲ್ಲಿ 300ರಿಂದ 180ಕ್ಕೆ ಇಳಿಯಿತು, 3,500ರಲ್ಲಿ ಮಾತ್ರ ನಿಂತಿತು. ರಬ್ಬರ್ ಹಳತಾಗಿ ಗಡುಸಾಗಿತ್ತು. ಅದರ ಮೈಮೇಲೆ ಚಾಕ್‌ನಲ್ಲಿ ಅಡ್ಡಗೆರೆ ಎಳೆದೆ. ಪೂರ್ತಿ ತಿರಸ್ಕರಿಸಿ ಕೆಂಪು ಪೇಂಟ್ ಬಳಿಯಲು ಮ್ಯಾನೇಜರರ ಒಪ್ಪಿಗೆ ಬೇಕಿತ್ತು. ಅವರು ಮೈಸೂರಿನವರು.

“ಹೈ ಪ್ರೆಷರ್ ಹಿಡೀತು ತಾನೇ? ಲೋ ಪ್ರೆಷರ್‌ಗೆಲ್ಲ ತಲೆ ಕೆಡಿಸ್ಕೋಬೇಡಿ. ಅಲ್ಲಿ ರಿಗ್ಗು ಕಾಯ್ತಾ ನಿಂತಿದೆ.”

ಹೆಚ್ಚಿನ ಒತ್ತಡವೇ ರಬ್ಬರನ್ನು ತಳ್ಳಿ ಬಿಗಿಮಾಡುತ್ತದೆ, ಸೋರುವುದು ಕಡಿಮೆ ಒತ್ತಡದಲ್ಲೇ ಎಂದು ಹೇಳಿದೆ. ಅವರು ಫೋನ್ ಎತ್ತಿಕೊಂಡರು. ನಾನು ಎಂದಿನಂತೆ ಖಾಲಿ ಚಾರ್ಟ್‌ಗಳಿಗೆ ಸಹಿ ಹಾಕಿ ಲೋಕಲ್ ಹಿಡಿದೆ. ಭಾನುವಾರ ಮಾಟುಂಗದಲ್ಲಿ ನೆಂಟರ ಮನೆಯ ನಾಮಕರಣ. ಸೋಮವಾರ ಬಂದಾಗ ಪ್ರಿವೆಂಟರ್ ಇರಲಿಲ್ಲ.

“ಹೊಸಾ ರಬ್ಬರ್ ಹಾಕ್ಸಿ ಕಳಿಸ್ದೆ ಕಣ್ರೀ,” ಎಂದರು ಮ್ಯಾನೇಜರ್.

ಹಾಗಾದರೆ ಹಳೆಯದು ಎಲ್ಲಿ ಎಂದು ನಾನು ಕೇಳಲಿಲ್ಲ.

ಅದು ಹೋದದ್ದು ಮಲ್ಲಪ್ಪನ ರಿಗ್‌ಗೆ. ಇಪ್ಪತ್ತೆರಡನೆಯ ದಿನ ಅಲ್ಲಿನ ಬಾವಿಯಿಂದ ಗ್ಯಾಸ್ ಎದ್ದಿತು. ಮಲ್ಲಪ್ಪ ಬಟನ್ ಒತ್ತಿದ. ರಬ್ಬರ್ ಹಿಡಿಯಲಿಲ್ಲ. ಬೆಂಕಿಯಲ್ಲಿ ಅವನೊಬ್ಬನೇ ಸತ್ತ. ಅವನ ಮುಖವನ್ನು ಶಾಂತಾಳಿಗೆ ತೋರಿಸಲಿಲ್ಲ. ರಜೆಯಲ್ಲಿ ಬಿಟ್ಟುಹೋದ ಅವನ ಚಪ್ಪಲಿ ಇಂದಿಗೂ ನಮ್ಮ ಮಂಚದ ಕೆಳಗಿದೆ.

ರಿಗ್ ಕಂಪನಿಯ ಮೊದಲ ವರದಿ ಹೇಳಿತು: ಉಪಕರಣ ಸರಿಯಿತ್ತು, ಡ್ರಿಲ್ಲರ್ ಬಟನ್ ಒತ್ತಲು ತಡಮಾಡಿದ. ಬಾಯಿಲ್ಲದವನ ಮೇಲೆ ಎಲ್ಲವನ್ನೂ ಹೊರಿಸಿದ್ದರು.

ಸರ್ಕಾರದ ಸುರಕ್ಷತಾ ಇಲಾಖೆಯ ವಿಚಾರಣೆ ಮಲಾಡ್‌ನ ಒಂದು ಆಫೀಸಿನಲ್ಲಿ ನಡೆಯಿತು. ಮಲ್ಲಪ್ಪನ ಜೊತೆಗಿದ್ದ, ಕೈ ಸುಟ್ಟುಕೊಂಡ ಕಲಬುರ್ಗಿಯ ಕೆಲಸಗಾರ ನನಗಿಂತ ಮೊದಲು ಹೇಳಿಕೆ ಕೊಟ್ಟ.

“ಅಂವ ತಡಾ ಮಾಡಿಲ್ರಿ ಸಾಹೇಬ್ರ. ಮಾಲು ಬಂದ ದಿನ ಚಾರ್ಟ್ ನೋಡಿ ನಕ್ಕಿದ್ದ. ನಮ್ಮ ಮಾಮಾನ ಸಹಿ ಐತಿ, ಕೂಡಸ್ರಿ ಅಂದಿದ್ದ.”

ಅಧಿಕಾರಿ ಆ ಚಾರ್ಟನ್ನು ನನ್ನ ಮುಂದೆ ಸರಿಸಿದರು. ಗೆರೆ ಒಂದಿಷ್ಟೂ ಇಳಿದಿರಲಿಲ್ಲ. ಕೆಳಗೆ ಕೋಳಿ ಕೆದರಿದಂಥ ನನ್ನ ಸಹಿ. ಗೋಡೆ ಪಕ್ಕ ಕೂತಿದ್ದ ಮ್ಯಾನೇಜರ್ ತಲೆ ಎತ್ತಲಿಲ್ಲ.

“ಸಹಿ ಆಪ್ ಕಾ ಹೈ?”

“ನಂದೇ. ಆದರೆ ತಾರೀಖು ಭಾನುವಾರದ್ದು. ನಾನು ಅವತ್ತು ಡ್ಯೂಟಿಗೆ ಬಂದಿಲ್ಲ, ಗೇಟಿನ ರಿಜಿಸ್ಟರ್ ನೋಡಿ. ಖಾಲಿ ಚಾರ್ಟಿಗೆ ಮೊದಲೇ ಸಹಿ ಹಾಕಿಟ್ಟಿದ್ದೆ. ಆ ಮಾಲನ್ನು ನಾನು ರಿಜೆಕ್ಟ್ ಮಾಡಿದ್ದೆ.”

“ರಿಜೆಕ್ಟ್ ಮಾಡಿದ್ದಕ್ಕೆ ಪುರಾವೆ?”

“ಶನಿವಾರದ ಚಾರ್ಟ್ ಈಗ ಫೈಲಿನಲ್ಲಿಲ್ಲ. ಮಾಲಿನ ಮೇಲೆ ಚಾಕ್‌ನಲ್ಲಿ ಗೆರೆ ಎಳೆದಿದ್ದೆ.”

ಯಾರೋ ನಕ್ಕರು. ಹೀಗೆ ಹೇಳಿದರೆ ನನ್ನ ಕೆಲಸ ಉಳಿಯದು ಎಂದು ಅಧಿಕಾರಿ ಎಚ್ಚರಿಸಿದರು. ಬರೆದುಕೊಳ್ಳಿ ಎಂದೆ.

ಗೇಟಿನ ರಿಜಿಸ್ಟರ್ ತರಿಸಿದರು. ರಬ್ಬರಿನ ಉಳಿದ ತುಂಡನ್ನೂ ಪರೀಕ್ಷಿಸಿದರು, ಅದು ಹಳೆಯದೇ. ಎರಡನೆಯ ವರದಿಯಲ್ಲಿ ಮಲ್ಲಪ್ಪನ ಮೇಲಿನ ಆರೋಪ ಹೋಯಿತು. ‘ಟೆಸ್ಟಿಂಗ್ ಫೋರ್‌ಮನ್‌ನ ನಿರ್ಲಕ್ಷ್ಯ’ ಎಂದು ನನ್ನ ಹೆಸರು ಬಂತು. ನನ್ನ ಪಾಲಿನ ತಪ್ಪು ನನ್ನದೇ, ಒಪ್ಪಿದ್ದೇನೆ. ಆದರೆ ಭಾನುವಾರ ಆ ಚಾರ್ಟ್ ತಿರುಗಿಸಿ ಸುಳ್ಳು ಗೆರೆ ಎಳೆಸಿದ್ದು ಯಾರು, ಹಾಗೆ ಮಾಡಲು ಹೇಳಿದ್ದು ಯಾರು ಎಂದು ಕೊನೆಯವರೆಗೂ ಯಾರೂ ಕೇಳಲಿಲ್ಲ. ಮ್ಯಾನೇಜರರಿಗೆ ಬೇರೆ ಊರಿನಲ್ಲಿ ಅದೇ ಹುದ್ದೆ ಸಿಕ್ಕಿತು.

ಮನೆಯಲ್ಲಿ ಶಾಂತಾಳಿಗೆ ಎಲ್ಲವನ್ನೂ ಹೇಳಿದೆ.

“ಅವನ ಹೆಸರಿನ ಮ್ಯಾಲಿನ ಮಸಿ ತೊಳದ್ರಿ, ಛಲೋ ಆತು. ಖಾಲಿ ಹಾಳಿ ಮ್ಯಾಲ ಸಹಿ ಯಾಕ ಮಾಡಿದ್ರಿ?”



ಈಗ ನಾನು ಹೌಸಿಂಗ್ ಸೊಸೈಟಿಗಳ ಬೆಂಕಿ ಆರಿಸುವ ಸಿಲಿಂಡರ್ ಪರೀಕ್ಷಿಸುವ ಸಣ್ಣ ಅಂಗಡಿಯಲ್ಲಿದ್ದೇನೆ. ತಿರಸ್ಕರಿಸಿದ್ದಕ್ಕೆ ನಾನೇ ಕೆಂಪು ಪೇಂಟ್ ಬಳಿಯುತ್ತೇನೆ, ಯಾರನ್ನೂ ಕೇಳುವುದಿಲ್ಲ. ಮಾಲೀಕ ಸರ್ಟಿಫಿಕೇಟಿನ ಕಟ್ಟು ತಂದಿಟ್ಟು, “ಕಾಕಾ, ಸಹಿ ಮಾಡಿ ಇಡಿ, ಟೈಮ್ ಉಳಿಯುತ್ತೆ,” ಎನ್ನುತ್ತಾನೆ. ನಾನು ಪೆನ್ನನ್ನು ಜೇಬಿನಲ್ಲೇ ಇಟ್ಟು ಒತ್ತಡದ ಮೀಟರಿನ ಮುಳ್ಳನ್ನು ನೋಡುತ್ತಾ ನಿಲ್ಲುತ್ತೇನೆ. ಒಂದೊಂದಕ್ಕೂ ಪೂರ್ತಿ ಐದು ನಿಮಿಷ.