ಭಾವನ ಬ್ಲ್ಯಾಕ್ ಪಾಯಿಂಟು, ನನ್ನ ಲೈಸೆನ್ಸು

ಫ್ರೆಂಡ್ಸ್, ಇವತ್ತು ಊಟಕ್ಕೆ ಬಂದ ಭಾವ, ಅಂದರೆ ನನ್ನ ಗಂಡನ ಅಣ್ಣ, ನನ್ನ ಡ್ರೈವಿಂಗ್ ಲೈಸೆನ್ಸ್ ಕೇಳಿದರು. ಅತಿವೇಗಕ್ಕೆ ಮತ್ತೆ ಸಿಕ್ಕಿಬಿದ್ದಿದ್ದಾರೆ. ಇಲ್ಲಿ ಗಲ್ಫಿನಲ್ಲಿ ಟ್ರಾಫಿಕ್ ತಪ್ಪಿಗೆ ಲೈಸೆನ್ಸಿನ ಮೇಲೆ ಬೀಳುವ ಬ್ಲ್ಯಾಕ್ ಪಾಯಿಂಟು ಇಪ್ಪತ್ನಾಲ್ಕಾದರೆ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಅವರದು ತುಂಬುತ್ತ ಬಂದಿದೆ. ರಸ್ತೆಬದಿಯ ರೇಡಾರಿಗೆ ಸಿಕ್ಕಿದ್ದು ಕಾರಿನ ನಂಬರ್ ಮಾತ್ರ, ಓಡಿಸಿದವರ ಮುಖವಲ್ಲ ಎಂಬುದೇ ಅವರ ಧೈರ್ಯ.

"ಫೈನ್ ನಾನೇ ಕಟ್ತೇನೆ. ಪಾಯಿಂಟ್ ಮಾತ್ರ ನಿನ್ನ ಲೈಸೆನ್ಸಿಗೆ ಹಾಕುವ. ನೀನು ಹೇಗೂ ಗಾಡಿ ಬಿಡುದು ಕಡಿಮೆ ಅಲ್ವಾ ಮಾರಾಯ್ತಿ."

ಗಂಡ ತಟ್ಟೆಯಲ್ಲಿ ಮೀನಿನ ಮುಳ್ಳು ಹುಡುಕತೊಡಗಿದರು.

"ಆಗುದಿಲ್ಲ ಭಾವ," ಎಂದೆ. "ನಾಲ್ಕು ಸಲ ಫೇಲಾಗಿ ತೆಗೆದ ಲೈಸೆನ್ಸ್ ಅದು. ನಿಮ್ಮ ಸ್ಪೀಡಿಗೆ ನನ್ನ ಹೆಸರು ಎಂತಕ್ಕೆ?"

"ಮನೆಯವರೊಳಗೆ ಇಷ್ಟು ಸಹಾಯವೂ ಆಗುದಿಲ್ವಾ?"

"ಸಹಾಯ ಮಾಡ್ತೇನೆ. ಕೀ ಕೊಡಿ, ಇವತ್ತು ನಾನೇ ನಿಮ್ಮನ್ನು ಮನೆಗೆ ಬಿಡ್ತೇನೆ."

ಮುಖ ಊದಿಸಿಕೊಂಡೇ ಕೊಟ್ಟರು. ರೀಮ್ ಐಲ್ಯಾಂಡಿನ ಸೇತುವೆ ದಾಟಿದೆವು. ನಾನು ವೇಗದ ಮಿತಿಯೊಳಗೇ ಓಡಿಸುತ್ತಿದ್ದೆ. ಆದರೂ ಮುಂದೆ ಒಂದು ಕಾರು ಕಂಡರೆ ಸಾಕು, ಪಕ್ಕದ ಸೀಟಿನಲ್ಲಿ ಭಾವನ ಬಲಗಾಲು ನೆಲದ ಮ್ಯಾಟನ್ನು ಗಟ್ಟಿಯಾಗಿ ಒತ್ತುತ್ತಿತ್ತು.

ಅವರಿಗೆ ಬ್ರೇಕ್ ಹಾಕಲು ಬರುವುದಿಲ್ಲ ಎಂದುಕೊಂಡಿದ್ದೆ. ಚೆನ್ನಾಗಿಯೇ ಬರುತ್ತದೆ.