ಚಾದರದ ಮೇಲಿನ ಪೈಪು

ರಾವೂರಿನ ಗಣಿಯಲ್ಲಿ ಬೆನ್ನ ಮೇಲೆ ಫರ್ಸಿ ಕಲ್ಲಿನ ಚಪ್ಪಡಿ ಬಿದ್ದಾಗಿನಿಂದ ಖಾಸಿಂಸಾಬರಿಗೆ ಎದೆಯ ಕೆಳಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಮೂತ್ರಕ್ಕೆ ರಬ್ಬರ್ ಪೈಪೇ ಗತಿ. ವಾಡಿಯಲ್ಲಿ ಕಂಪೌಂಡರ್ ಆಗಿದ್ದ ನಾನು ಅದನ್ನು ಬದಲಿಸಲು ಅವರ ಮನೆಗೆ ಸೈಕಲ್ ಮೇಲೆ ಹೋಗುತ್ತಿದ್ದೆ.

ಅವತ್ತು ಅವರ ಬೀಗರು ಬರುವವರಿದ್ದರು. ಹೊಸ ಪೈಪು ಹಾಕಿ, ಯಾರಿಗೂ ಕಾಣದಂತೆ ತೊಡೆಯ ಕೆಳಗೆ ಸರಿಸಿ, ಚಾದರ ಹೊದಿಸಿದೆ. ಊರೊಳಗಿನ ಕೆಲಸ ಮುಗಿಸಿ ಮಧ್ಯಾಹ್ನ ಮರಳಿದಾಗ ಅವರ ಮುಖ ಕೆಂಪಾಗಿ ಬೆವರುತ್ತಿತ್ತು, ತಲೆ ಸಿಡಿಯುತ್ತಿತ್ತು.

ಗುಳಿಗೆ ತೆಗೆದೆ. "ನುಂಗಿ ಮಲಕೋರಿ, ಕಮ್ಮಿ ಆಗ್ತದ."

"ಮಲಗಂಗಿಲ್ಲ. ಎತ್ತಿ ಕುಂದ್ರಸ್ರಿ. ಮೊದಲ ಪೈಪ ನೋಡ್ರಿ."

"ತಲಿನೋವಿಗೂ ಪೈಪಿಗೂ ಏನ್ ಸಂಬಂಧರಿ?"

"ಉಚ್ಚಿ ತುಂಬಿದ್ದು ನನಗ ಹೊಟ್ಟ್ಯಾಗ ತಿಳಿಯಂಗಿಲ್ಲ, ತಲಿ ಹೇಳ್ತದ. ಈ ಮೈಯಾಗ ಇರಾಂವ ನಾನು, ನೀವಲ್ಲ."

ಸಿಟ್ಟಿನಲ್ಲೇ ಅವರನ್ನು ಕೂರಿಸಿ ಚಾದರ ಎತ್ತಿದೆ. ತೊಡೆಯ ಕೆಳಗೆ ಪೈಪು ಮಡಚಿಕೊಂಡಿತ್ತು. ಬಿಡಿಸಿದೆ, ಪೈಪಿನ ತುದಿಯ ಡಬ್ಬಿ ತುಂಬುತ್ತಿದ್ದಂತೆ ಮುಖದ ಕೆಂಪು ಇಳಿಯಿತು.

ಮತ್ತೆ ಮುಚ್ಚಲು ಹೋದರೆ ಕೈ ಹಿಡಿದರು. "ಪೈಪ ಚಾದರದ ಮ್ಯಾಲೇ ಇರಲಿ. ನಾಚಿಕಿ ಆದವ್ರು ಆಕಡಿ ಮಾರಿ ತಿರಗಸ್ತಾರ."

ಬೀಗರು ಬಂದರು, ಚಹಾ ಕುಡಿದರು. ಒಬ್ಬರೂ ಮುಖ ತಿರುಗಿಸಲಿಲ್ಲ.

ವಾಡಿಯ ದಾರಿಯಲ್ಲಿ ತಲೆನೋವು ನನಗೇ ಹತ್ತಿತ್ತು; ಅವರಿಗೆಂದು ತೆಗೆದಿದ್ದ ಗುಳಿಗೆಯನ್ನು ನಾನೇ ನುಂಗಿದೆ.